ಮುಖ ಕೊನೆಗೆ: ಹಳೆಯ ಫ್ರೆಂಚ್ ಎಚ್ಚಿಂಗ್ ಭಾವಚಿತ್ರವೊಂದನ್ನು ಓದುವ ಬಗೆ

ನನ್ನ ಮೇಜಿನ ಮೇಲೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಕಾಗದ ಇದೆ, ಅದರ ಮೇಲೊಂದು ಎಚ್ಚಿಂಗ್, ಅಂದರೆ ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ತಿನ್ನಿಸಿ ಕಾಗದಕ್ಕೆ ಒತ್ತಿದ ಅಚ್ಚುಚಿತ್ರ. 2014ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿಗೆ ಹೋದಾಗ ಸೇನ್ ನದಿಯ ದಂಡೆಯ ಹಸಿರು ಪೆಟ್ಟಿಗೆ ಅಂಗಡಿಯೊಂದರಲ್ಲಿ 35 ಯೂರೋ ಕೊಟ್ಟು ತಂದದ್ದು. ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಒಬ್ಬ ಹೆಂಗಸು. ಮುಖ ಸ್ವಲ್ಪ ಬಲಕ್ಕೆ ತಿರುಗಿದೆ, ಕೂದಲು ಗೋಪುರದಂತೆ ಮೇಲೆದ್ದಿದೆ, ಕೊರಳ ಸುತ್ತ ತೆಳು ಮಸ್ಲಿನ್. ಕಾಗದದ ಹಿಂಬದಿಯಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ‘ಮಾದಾಮ್ ದ ಪಾಂಪದೂರ್’ ಎಂದು ಬರೆದಿದ್ದಾರೆ. ಆ ಹೆಸರನ್ನು ನಂಬಿಯೇ ಕೊಂಡೆ. ಫ್ರಾನ್ಸಿನ ದೊರೆ ಹದಿನೈದನೇ ಲೂಯಿಯ ಪ್ರೇಯಸಿ, ಕಲಾವಿದರ ಪೋಷಕಿ, ಸ್ವತಃ ತಾಮ್ರದ ತಗಡಿನ ಮೇಲೆ ಸೂಜಿ ಹಿಡಿದವಳು. ಅಂಥವಳ ಚಿತ್ರ ನನ್ನ ಕೈಗೆ ಸಿಕ್ಕಿತಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಆಕೆ ಪಾಂಪದೂರ್ ಅಲ್ಲ. ಇದು ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ಅಷ್ಟು ಕಾಲ ಹಿಡಿದದ್ದಕ್ಕೆ ಕಾರಣ ಒಂದೇ: ನಾನು ಮುಖದಿಂದ ಓದಲು ಶುರು ಮಾಡಿದ್ದೆ. ಈಗ ಹಳೆಯ ಭಾವಚಿತ್ರ ಯಾವುದೇ ಬರಲಿ, ಅಂಚಿನಿಂದ ಒಳಕ್ಕೆ ಬರುತ್ತೇನೆ, ಮುಖ ಕೊನೆಗೆ. ನಾನು ಗ್ರಾಫಿಕ್ಸ್, ಅಂದರೆ ಅಚ್ಚುಚಿತ್ರದ ಕಲೆ, ಕಲಿತವಳು. ಮೈಸೂರಿನಲ್ಲಿ ಸತುವಿನ ತಗಡನ್ನು ಆಮ್ಲದ ತೊಟ್ಟಿಯಲ್ಲಿಟ್ಟು, ಗೆರೆಗಳ ಮೇಲೆ ಏಳುವ ಗುಳ್ಳೆಗಳನ್ನು ಕೋಳಿಯ ಗರಿಯಿಂದ ಸವರಿ ಓಡಿಸುತ್ತ ಕಳೆದ ವರ್ಷಗಳಿವೆ. ಇಲ್ಲಿ ಹೇಳುವುದರಲ್ಲಿ ಅರ್ಧ ಆ ತೊಟ್ಟಿಯ ಮುಂದೆ ಕಲಿತದ್ದು.

ಮೊದಲು ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಹತ್ತಿಯ ಕೈಗವಸು ಬೇಡ, ಅದರಲ್ಲಿ ಕಾಗದದ ಅಂಚು ಬೆರಳಿಗೆ ಗೊತ್ತಾಗದೆ ಹರಿಯುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸ್ಕೇಲು, ಮೊಬೈಲಿನ ಟಾರ್ಚು, ಇಷ್ಟು ಸಾಕು. ಚಿತ್ರವನ್ನು ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಕಲೆ ಇದ್ದರೂ ಮನೆಯಲ್ಲಿ ತೊಳೆಯಲು ಹೋಗಬೇಡಿ.

ಕಾಗದ ಮತ್ತು ಒತ್ತುಗುರುತು

ಟಾರ್ಚನ್ನು ಕಾಗದದ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಡಿ. ಚಿತ್ರದ ಸುತ್ತ ಕಾಗದ ಸ್ವಲ್ಪ ತಗ್ಗಿದ ಆಯತ ಕಂಡರೆ ಅದು ಪ್ಲೇಟ್‌ಮಾರ್ಕ್. ಒದ್ದೆ ಕಾಗದವನ್ನು ತಗಡಿನ ಮೇಲಿಟ್ಟು, ಉಣ್ಣೆಯ ಕಂಬಳಿ ಹೊದಿಸಿ, ಎರಡು ರೋಲರುಗಳ ನಡುವೆ ಹಾಯಿಸಿದಾಗ ತಗಡಿನ ಅಂಚು ಬಿಟ್ಟ ಗುರುತು ಅದು. ನನ್ನ ಚಿತ್ರಕ್ಕೆ ಮೂರು ಬದಿ ಮಾತ್ರ ಈ ಗುರುತಿದೆ. ಕೆಳಬದಿಯನ್ನು ಯಾರೋ ಕತ್ತರಿಸಿದ್ದಾರೆ. ಇದನ್ನು ನೋಡಿದೊಡನೆ ಎಚ್ಚರವಾಗಬೇಕು, ಏಕೆಂದರೆ ಹೆಸರು, ವಿಳಾಸ, ಪದ್ಯ ಎಲ್ಲ ಇರುವುದು ಕೆಳಗೇ. ಆಲ್ಬಮ್ಮಿಗೆ ಅಂಟಿಸಲೆಂದು ಹೀಗೆ ಕತ್ತರಿಸುವ ರೂಢಿ ಅಂದು ಸಾಮಾನ್ಯವಾಗಿತ್ತು.

ಅಗಲವನ್ನು ಅಳೆದೆ: 12.1 ಸೆಂಟಿಮೀಟರು. ನಮ್ಮ ಲೆಕ್ಕಕ್ಕೆ ವಿಚಿತ್ರ ಅಳತೆ. ಆದರೆ ಫ್ರಾನ್ಸಿಗೆ ಮೀಟರು ಬಂದದ್ದು 1795ರಲ್ಲಿ. ಅದಕ್ಕೆ ಮುಂಚೆ ತಗಡು ಕತ್ತರಿಸುತ್ತಿದ್ದದ್ದು ‘ಪೂಸ್’ ಎಂಬ ಫ್ರೆಂಚ್ ಅಂಗುಲದಲ್ಲಿ, ಒಂದು ಪೂಸ್ ಎಂದರೆ 2.7 ಸೆಂಟಿಮೀಟರಿಗೆ ತುಸು ಹೆಚ್ಚು. ನಾಲ್ಕೂವರೆ ಪೂಸ್‌ಗೆ 12.18 ಸೆಂಟಿಮೀಟರು ಆಗುತ್ತದೆ. ಒದ್ದೆ ಕಾಗದ ಒಣಗುವಾಗ ಕೂದಲೆಳೆಯಷ್ಟು ಕುಗ್ಗುತ್ತದೆ, ಆ ಒಂದು ಮಿಲಿಮೀಟರು ಹೋದದ್ದು ಹಾಗೆ. ಇದರಿಂದ ಏನೂ ಸಾಬೀತಾಗದು. ಆದರೂ ಆ ಸಂಖ್ಯೆ ಹೊಂದಿಬಂದ ದಿನ ತಗಡು ಕತ್ತರಿಸಿದವನ ಪಕ್ಕದಲ್ಲೇ ನಿಂತಂತಾಯಿತು.

ಈಗ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಒತ್ತೊತ್ತಾಗಿ ಸಣ್ಣ ಗೆರೆಗಳು, ಅವಕ್ಕೆ ಅಡ್ಡಲಾಗಿ ಸುಮಾರು ಎರಡೂವರೆ ಸೆಂಟಿಮೀಟರಿಗೊಂದರಂತೆ ದೊಡ್ಡ ಗೆರೆಗಳು ಕಂಡರೆ ಅದು ತಂತಿಜಾಲರಿಯ ಚೌಕಟ್ಟಿನಲ್ಲಿ ಕೈಯಿಂದ ಎತ್ತಿದ ಕಾಗದ. ಗೆರೆಯೇ ಇಲ್ಲದ ನಯವಾದ ಕಾಗದ ಫ್ರಾನ್ಸಿನಲ್ಲಿ ತಯಾರಾಗತೊಡಗಿದ್ದು 1770ರ ದಶಕದ ಕೊನೆಗೆ. 1750ರದು ಎಂದು ಯಾರಾದರೂ ಮಾರುತ್ತಿರುವ ಚಿತ್ರ ಅಂಥ ಕಾಗದದ ಮೇಲಿದ್ದರೆ ಕೈಬಿಡಿ, ಅದು ಬಹುಶಃ ಎಷ್ಟೋ ಕಾಲದ ನಂತರ ಅದೇ ತಗಡಿನಿಂದ ಒತ್ತಿದ್ದು, ಇಲ್ಲವೇ ನಕಲು. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಹದಿನೆಂಟರ ಫ್ರೆಂಚ್ ಚಿತ್ರಗಳ ಹುಚ್ಚು ಮತ್ತೆ ಹಬ್ಬಿತು. ಆಗ ಛಾಯಾಚಿತ್ರದ ತಂತ್ರ ಬಳಸಿ ತಾಮ್ರದ ಮೇಲೇ ಮಾಡಿದ ನಕಲುಗಳಿಗೂ ಪ್ಲೇಟ್‌ಮಾರ್ಕ್ ಇರುತ್ತದೆ.

ನನ್ನ ಕಾಗದದಲ್ಲಿ ಗೆರೆಗಳಿದ್ದವು. ಎಡ ಅಂಚಿನಲ್ಲಿ ನೀರುಗುರುತಿನ, ಅಂದರೆ ಬೆಳಕಿಗೆ ಹಿಡಿದಾಗ ಕಾಗದದೊಳಗೆ ಕಾಣುವ ತಯಾರಕರ ಗುರುತಿನ, ಒಂದು ತುಂಡೂ ಇತ್ತು: 742. ಮುಂದಿನ 1 ಕತ್ತರಿಯ ಪಾಲಾಗಿದೆ. 1742! ಪಾಂಪದೂರ್ ಅರಮನೆ ಸೇರಿದ್ದು 1745ರಲ್ಲಿ, ಕಾಗದ ಮೂರು ವರ್ಷ ಹಳೆಯದು, ಎಲ್ಲ ಸರಿಹೋಯಿತು ಎಂದು ಹಿಗ್ಗಿದೆ. ಪೆನ್ಸಿಲ್ಲಿನಲ್ಲಿ ಹೆಸರು ಬರೆದವರೂ ಇದನ್ನೇ ನೋಡಿ ಹಾಗೇ ಹಿಗ್ಗಿರಬೇಕು. ಆದರೆ ಇದು ಹೆಸರಾಂತ ಬಲೆ. 1741ರ ರಾಜಾಜ್ಞೆಯೊಂದು ಕಾಗದ ತಯಾರಕರಿಗೆ ನೀರುಗುರುತಿನಲ್ಲಿ 1742 ಎಂಬ ಇಸವಿ ಸೇರಿಸಲು ಹೇಳಿತು. ಪ್ರತಿ ವರ್ಷ ಬದಲಿಸಬೇಕು ಎಂಬುದು ಅದರಲ್ಲಿ ಸ್ಪಷ್ಟವಿರಲಿಲ್ಲ. ಎಷ್ಟೋ ಕಾರ್ಖಾನೆಗಳು ಅದೇ 1742ನ್ನು ದಶಕಗಳ ಕಾಲ ಹಾಕುತ್ತ ಹೋದವು. ಹಾಗಾಗಿ ಆ ಅಂಕಿ ಹೇಳುವುದು ಇಷ್ಟೇ: ಇದು ಫ್ರೆಂಚ್ ಕಾಗದ, 1742ಕ್ಕಿಂತ ಹಳೆಯದಲ್ಲ.

ಅಕ್ಷರಗಳು, ಇದ್ದರೆ

ನನ್ನದರಲ್ಲಿ ಇಲ್ಲ, ನಿಮ್ಮದರಲ್ಲಿ ಇರಬಹುದು. ಚಿತ್ರದ ಕೆಳಗೆ ಎಡಮೂಲೆಯಲ್ಲಿ ಒಂದು ಹೆಸರು, ಬಲಮೂಲೆಯಲ್ಲಿ ಇನ್ನೊಂದು ಹೆಸರು ಇರುವುದು ಪದ್ಧತಿ. ಎಡದ ಹೆಸರಿನ ಮುಂದೆ ‘ಪಿಂಕ್ಸಿಟ್’ ಎಂದಿದ್ದರೆ ಮೂಲವನ್ನು ಬಣ್ಣದಲ್ಲಿ ಬರೆದವರು, ‘ಡೆಲಿನ್’ ಎಂದಿದ್ದರೆ ರೇಖಾಚಿತ್ರ ಬರೆದವರು. ಬಲದ ‘ಸ್ಕಲ್ಪ್ಸಿಟ್’ ತಗಡಿನ ಮೇಲೆ ಕೆತ್ತಿದವರದು. ‘ಎಕ್ಸ್‌ಕುಡಿಟ್’ ಅಥವಾ ‘ಶೇ’ ಎಂದು ಬಂದರೆ ಪ್ರಕಾಶಕರು. ‘ಎ.ಪಿ.ಡಿ.ಆರ್.’ ಎಂಬ ನಾಲ್ಕು ಅಕ್ಷರ ‘ರಾಜನ ಅನುಮತಿಯೊಡನೆ’ ಎಂಬುದರ ಸಂಕ್ಷೇಪ. ಫ್ರೆಂಚ್ ಕ್ರಾಂತಿ ಬಂದ ಮೇಲೆ ಅದಕ್ಕೆ ಅರ್ಥ ಉಳಿಯಲಿಲ್ಲ.

ವಿಳಾಸವನ್ನು ಪೂರ್ತಿ ಓದಿ. ಪ್ಯಾರಿಸ್ಸಿನ ಸಾಂ-ಜಾಕ್ ಬೀದಿ ಚಿತ್ರ ವ್ಯಾಪಾರಿಗಳ ಬೀದಿ. ಮನೆ ನಂಬರು ಬಳಕೆಗೆ ಬರುವ ಮುಂಚೆ ಅಂಗಡಿಗಳ ಗುರುತು ಫಲಕದ ಹೆಸರಿನಿಂದ. ಎಸ್ನೋ ಮತ್ತು ರಾಪಿಯಿ ಎಂಬ ಪ್ರಕಾಶಕರು ‘ಸಾಂ-ಜಾಕ್ ಬೀದಿ, ಕೂತಾಂಸ್ ನಗರದ ಫಲಕ’ ಎಂದು ಹಾಕುತ್ತಿದ್ದರು. ವ್ಯಾಪಾರಿ ಅಂಗಡಿ ಬದಲಿಸಿದಾಗ ತಗಡಿನ ಮೇಲಿನ ವಿಳಾಸ ತಿದ್ದುತ್ತಿದ್ದರು, ಹಾಗಾಗಿ ಒಂದೇ ಚಿತ್ರ ಬೇರೆ ಬೇರೆ ವಿಳಾಸಗಳೊಡನೆ ಸಿಗುತ್ತದೆ. ‘ಮರ್ಕ್ಯೂರ್ ದ ಫ್ರಾನ್ಸ್’ನಂಥ ಪತ್ರಿಕೆಗಳು ಹೊಸ ಚಿತ್ರಗಳ ಬಿಡುಗಡೆಯನ್ನು ಪ್ರಕಟಿಸುತ್ತಿದ್ದವು. ಅವುಗಳ ಹಳೆಯ ಸಂಚಿಕೆಗಳು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗಾಲಿಕಾ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಫ್ರೆಂಚ್ ಬಾರದಿದ್ದರೂ ಹೆಸರು ಹುಡುಕಲು ತೊಂದರೆಯಿಲ್ಲ.

ಲಾಂಛನದ ಗುರಾಣಿ ಇದ್ದರೆ ಅದನ್ನೂ ನೋಡಿ. ವಿವಾಹಿತೆಯ ಚಿತ್ರದಲ್ಲಿ ಎರಡು ಗುರಾಣಿ ಜೊತೆಯಾಗಿರುತ್ತವೆ, ನಮ್ಮ ಎಡಕ್ಕೆ ಕಾಣುವುದು ಗಂಡನ ಮನೆಯದು, ಬಲಕ್ಕೆ ತವರಿನದು. ಹೆಸರು ಕತ್ತರಿಸಿ ಹೋದ ಎಷ್ಟೋ ಹೆಂಗಸರನ್ನು ಪತ್ತೆ ಹಚ್ಚಿದ್ದು ಈ ತವರಿನ ಗುರಾಣಿ.

ಕೆತ್ತಿದವರ ಹೆಸರನ್ನು ಮಾತ್ರ ಅವಸರದಲ್ಲಿ ಗಂಡಸಿನದು ಎಂದುಕೊಳ್ಳಬೇಡಿ. ಶಾರ್ದಾಂನ ವರ್ಣಚಿತ್ರಗಳನ್ನು ತಾಮ್ರಕ್ಕೆ ಇಳಿಸಿದವರಲ್ಲಿ ರೆನೇ-ಎಲಿಜಬೆತ್ ಮಾರ್ಲಿಯೇ ಒಬ್ಬಳು. ಗಂಡ ಲೆಪಿಸಿಯೇ ಕೂಡ ಕೆತ್ತನೆಗಾರ. ಮೂಲೆಯಲ್ಲಿ ಬರೀ ‘ಲೆಪಿಸಿಯೇ’ ಎಂದು ಕಂಡು ಮುಂದೆ ಹೋದರೆ ಅವಳ ಕೆಲಸ ಅವನ ಖಾತೆಗೆ ಸೇರುತ್ತದೆ. ಪಾಂಪದೂರ್ ಕೂಡ ಚಿತ್ರಕಾರ ಬೂಶೆಯ ಸಹಾಯದಿಂದ ಎಚ್ಚಿಂಗ್ ಕಲಿತು, ಜಾಕ್ ಗೇ ರತ್ನಗಳಲ್ಲಿ ಕೊರೆದ ಆಕೃತಿಗಳನ್ನು ಐವತ್ತಕ್ಕೂ ಹೆಚ್ಚು ತಗಡುಗಳಿಗೆ ಇಳಿಸಿದಳು.

ಗೆರೆ

ನನಗೆ ಅತಿ ಪ್ರಿಯವಾದ ಭಾಗ ಇದು. ಭೂತಗನ್ನಡಿಯಲ್ಲಿ ಒಂದೇ ಒಂದು ಗೆರೆಯನ್ನು ಅದರ ತುದಿಯವರೆಗೆ ಹಿಂಬಾಲಿಸಿ.

ಎಚ್ಚಿಂಗಿನಲ್ಲಿ ಕಲಾವಿದ ಲೋಹವನ್ನು ಕೊರೆಯುವುದೇ ಇಲ್ಲ. ಕಾಯಿಸಿದ ತಾಮ್ರಕ್ಕೆ ಮೇಣ-ರಾಳಗಳ ಲೇಪ ಹಚ್ಚಿ, ಮೇಣದಬತ್ತಿಯ ಹೊಗೆಯಲ್ಲಿ ಕಪ್ಪಾಗಿಸಿ, ಆ ಲೇಪವನ್ನಷ್ಟೇ ಸೂಜಿಯಿಂದ ಗೀಚುತ್ತಾನೆ. ಬಯಲಾದ ತಾಮ್ರವನ್ನು ತಿನ್ನುವುದು ಆಮ್ಲ. ಹಾಗಾಗಿ ಗೆರೆ ಪೆನ್ನಿನಂತೆ ಸರಾಗ, ಅಂಚು ತುಸು ತರಿ, ತುದಿ ಮೊಂಡು. ಬ್ಯೂರಿನ್ ಎಂಬ ಉಳಿಯನ್ನು ಅಂಗೈಯಿಂದ ತಳ್ಳಿ ಕೊರೆದ ಗೆರೆ ಹಾಗಲ್ಲ: ಸೂಜಿಮೊನೆಯಂತೆ ಶುರುವಾಗಿ, ಉಬ್ಬಿ, ಮತ್ತೆ ಮೊನೆಯಾಗಿ ಮುಗಿಯುತ್ತದೆ. ಒಂದು ಎಚ್ಚರಿಕೆ ಇದೆ. ಓರೆಯಾಗಿ ಮಸೆದ ‘ಎಶೋಪ್’ ಎಂಬ ಸೂಜಿಯಿಂದ ಎಚ್ಚಿಂಗಿನಲ್ಲೂ ಉಬ್ಬುವ ಗೆರೆ ಬರಿಸಬಹುದು. ಅಬ್ರಹಾಂ ಬೋಸ್ 1645ರ ತನ್ನ ಕೈಪಿಡಿಯಲ್ಲಿ ಅದನ್ನು ವಿವರಿಸಿದ್ದಾನೆ, ಅದೇ ಕೈಪಿಡಿಯನ್ನು ಕೊಶಾಂ ಎಂಬ ಕಲಾವಿದ ನೂರು ವರ್ಷದ ಮೇಲೆ, 1745ರಲ್ಲಿ, ತಿದ್ದಿ ಬೆಳೆಸಿ ಮತ್ತೆ ಹೊರತಂದ. ಆದ್ದರಿಂದ ಉಬ್ಬು ನೋಡಿ ತೀರ್ಮಾನಿಸದೆ ಗೆರೆಯ ತುದಿ ನೋಡಿ.

ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ ಎರಡನ್ನೂ ಬೆರೆಸುವುದೇ ಹೆಚ್ಚು. ಮೊದಲು ಆಮ್ಲದಲ್ಲಿ ಚಿತ್ರ ಕೂರಿಸಿ, ಮೇಲೆ ಬ್ಯೂರಿನ್ನಿನಿಂದ ನೆರಳು ಗಟ್ಟಿ ಮಾಡುತ್ತಿದ್ದರು. ಎಲ್ಲಿ ಯಾವುದಿದೆ ಎಂದು ವಿಂಗಡಿಸುವುದು ಬರೀ ತಂತ್ರಜ್ಞಾನದ ಕಸರತ್ತಲ್ಲ, ಅರ್ಥವೂ ಅಲ್ಲಿಯೇ ಇದೆ. ಬ್ಯೂರಿನ್ ಕೈಗೆ ಹತ್ತಲು ವರ್ಷಗಟ್ಟಲೆ ಗುರುವಿನ ಬಳಿ ಕೂರಬೇಕು. ದರ್ಬಾರಿನ, ಅಕಾಡೆಮಿಯ ಗಂಭೀರ ಭಾವಚಿತ್ರಗಳು ಅದರ ಪಾಲು. ಸೂಜಿಯೋ, ಚಿತ್ರ ಬರೆಯಬಲ್ಲ ಯಾರ ಕೈಗೂ ಒಗ್ಗುತ್ತದೆ. ಅದಕ್ಕೇ ಹಣವಂತ ಹವ್ಯಾಸಿಗಳು, ಸ್ನೇಹಿತರು, ಪ್ರೇಮಿಗಳು ಪರಸ್ಪರರ ಚಿತ್ರ ಮಾಡಿದ್ದು ಎಚ್ಚಿಂಗಿನಲ್ಲಿ.

ನಾನು ಪಾಠಕ್ಕೆ ಯಾವಾಗಲೂ ತೆಗೆದುಕೊಳ್ಳುವ ಉದಾಹರಣೆ 1753ರದು: ಮಾರ್ಗರೀತ್ ಲ ಕೋಂತ್ ಎಂಬಾಕೆಯ ಭಾವಚಿತ್ರ. ಬರೆದದ್ದು ಕೊಶಾಂ, ಎಚ್ಚಿಂಗ್ ಮಾಡಿದ್ದು ಕ್ಲೋದ್-ಆಂರಿ ವಾತ್ಲೆ. ವಾತ್ಲೆ ವೃತ್ತಿಯಿಂದ ರಾಜನ ತೆರಿಗೆ ಅಧಿಕಾರಿ, ಒಲವಿನಿಂದ ಎಚ್ಚಿಂಗ್‌ಕಾರ. ದಿದ್ರೋನ ವಿಶ್ವಕೋಶಕ್ಕೆ ಕೆತ್ತನೆಯ ಬಗ್ಗೆ ಲೇಖನ ಬರೆದವನು, ರೆಂಬ್ರಾಂಟ್ ಸ್ವತಃ ಕೆಲಸ ಮಾಡಿದ ತಾಮ್ರದ ತಗಡುಗಳನ್ನೇ ಕೂಡಿಟ್ಟವನು. ಮಾರ್ಗರೀತ್ ಇನ್ನೊಬ್ಬರ ಪತ್ನಿ, ವಾತ್ಲೆಯ ಬಾಳಸಂಗಾತಿ, ಮತ್ತು ತಾನೂ ಎಚ್ಚಿಂಗ್ ಮಾಡುತ್ತಿದ್ದವಳು. ಇಬ್ಬರೂ 1763-64ರಲ್ಲಿ ಇಟಲಿಗೆ ಹೋದಾಗ ಅಲ್ಲಿನ ಕಲಾವಿದರು ಅವಳ ಆಗಮನವನ್ನು ಕೊಂಡಾಡುವ ಎಚ್ಚಿಂಗ್‌ಗಳ ಪುಸ್ತಕವನ್ನೇ ಮಾಡಿಕೊಟ್ಟರು. ಇಷ್ಟು ತಿಳಿದ ಮೇಲೆ ಆ ಚಿತ್ರಕ್ಕೆ ಮರಳಿ. ಸೂಜಿ ಹಿಡಿದವನು ಅವಳನ್ನು ಪ್ರೀತಿಸುತ್ತಿದ್ದ, ಎದುರಿನವಳಿಗೆ ಪ್ರತಿ ಗೆರೆಯ ಕಷ್ಟವೂ ಗೊತ್ತಿತ್ತು. ‘ಸುಂದರ ಸ್ತ್ರೀಯ ಚಿತ್ರ’ ಎನ್ನುವ ಎರಡು ಸಾಲಿನ ವಿವರಣೆ ಅಲ್ಲಿ ನಿಲ್ಲುವುದಿಲ್ಲ.

ಕೊಶಾಂ 1750ರ ದಶಕದಿಂದ ಬರೆದ ಇಂಥ ಪಾರ್ಶ್ವಮುಖದ ಚಿತ್ರಗಳಿಗೆ ಮಾದರಿ ರೋಮನ್ ನಾಣ್ಯ ಮತ್ತು ಪದಕಗಳು. ದುಂಡು ಚೌಕಟ್ಟು, ನೋಡುಗರತ್ತ ತಿರುಗದ ಕಣ್ಣು, ಒಡವೆ ಕಡಿಮೆ. ಲೇಖಕ, ಶಿಲ್ಪಿ, ವಿಜ್ಞಾನಿ ಎಲ್ಲರಿಗೂ ಅದೇ ಚೌಕಟ್ಟು, ಹೆಂಗಸರಿಗೂ ಅದೇ. ಕೊಶಾಂ ಸೋಮವಾರಗಳಂದು ಮಾದಾಮ್ ಜೊಫ್ರಾಂಳ ಮನೆಗೆ ಊಟಕ್ಕೆ ಹೋಗುತ್ತಿದ್ದವನು, ಅಲ್ಲಿ ಕಲಾವಿದರು ಹಣವಂತರ ಜೊತೆ ಒಂದೇ ಮೇಜಿಗೆ ಕೂರುತ್ತಿದ್ದರು. ಈ ಚಿತ್ರಗಳ ಸಮಾನತೆ ಆ ಮೇಜಿನದು ಎಂದು ನನಗೆ ಅನ್ನಿಸುತ್ತದೆ.

ಚೌಕಟ್ಟು, ಕೂದಲು, ಬಟ್ಟೆ

ನನ್ನವಳ ಗುಟ್ಟು ಒಡೆದದ್ದು ಇಲ್ಲಿ. ಚೌಕಟ್ಟಿನ ತುದಿಯಲ್ಲಿ ರಿಬ್ಬನ್ನಿನ ಗಂಟು, ಇಳಿಬಿದ್ದ ಲಾರೆಲ್ ಎಲೆಗಳ ಮಾಲೆ, ನೇರವಾದ ಕಲ್ಲಿನ ಪಟ್ಟಿ. ಪಾಂಪದೂರಳ ಕಾಲದ ಚೌಕಟ್ಟಾದರೆ ಚಿಪ್ಪು, ಸುರುಳಿ, ಬಳುಕು ಇರಬೇಕಿತ್ತು. ಲಾರೆಲ್ ಮಾಲೆ, ರಿಬ್ಬನ್ ಗಂಟು ಎರಡೂ ಸೇರಿ ಮಾಮೂಲಾಗುವುದು ಹದಿನಾರನೇ ಲೂಯಿಯ ಹೊತ್ತಿಗೆ.

ಆಮೇಲೆ ಕೂದಲು. 1750ರ ದಶಕದಲ್ಲಿ ಹೆಂಗಸರ ಕೂದಲು ತಲೆಗೆ ಅಂಟಿದಂತೆ, ಸಣ್ಣ ಸಣ್ಣ ಗುಂಗುರು, ಮೇಲೆ ಒಂದು ಪುಟ್ಟ ಹೂವಿನ ಅಲಂಕಾರ. ತಲೆಯ ಮೇಲೆ ಗೋಪುರ ಎದ್ದದ್ದು 1770ರ ದಶಕದಲ್ಲಿ, ರಾಣಿ ಮಾರಿ ಆಂತ್ವಾನೆತ್‌ಳ ಕಾಲಕ್ಕೆ. 1780ರ ದಶಕಕ್ಕೆ ಗೋಪುರ ಇಳಿದು ಕೂದಲು ಪಕ್ಕಕ್ಕೆ ಹರಡಿ ಕೆದರುತ್ತದೆ, ಬಿಳಿ ಮಸ್ಲಿನ್ನಿನ ಸರಳ ಉಡುಪು ಬರುತ್ತದೆ. ಈ ಬದಲಾವಣೆ ಎಷ್ಟು ವೇಗದ್ದೆಂದರೆ ಐದಾರು ವರ್ಷದ ಅಂತರವನ್ನೂ ಹಿಡಿಯಬಹುದು. ಹೋಲಿಸಲು ಒಳ್ಳೆಯ ಆಸರೆ 1778ರಿಂದ 1787ರವರೆಗೆ ಎಸ್ನೋ ಮತ್ತು ರಾಪಿಯಿ ಅವರೇ ಹೊರತಂದ ‘ಗಾಲ್ರಿ ದೆ ಮೋದ್’ ಎಂಬ ಉಡುಪಿನ ಚಿತ್ರಮಾಲೆ. ದೊಡ್ಡ ಮ್ಯೂಸಿಯಂಗಳ ಜಾಲತಾಣಗಳಲ್ಲಿ ಅದರ ಹಾಳೆಗಳಿವೆ. ನಾನು ಒಂದು ಭಾನುವಾರ ಪೂರ್ತಿ ಅವನ್ನು ನೋಡುತ್ತ ಕೂತೆ. ಕಿವಿಯ ಹಿಂದೆ ಅಡ್ಡಲಾಗಿ ಕೂತ ಎರಡು ದಪ್ಪ ಸುರುಳಿಗಳು ನನ್ನವಳದೂ ಅವರದೂ ಒಂದೇ.

ಪಾಂಪದೂರ್ ತೀರಿಕೊಂಡದ್ದು 1764ರ ಏಪ್ರಿಲ್ 15ರಂದು. ಬದುಕಿರುವಾಗ ಆಕೆ ಇಂಥ ತಲೆಯನ್ನು ಕಂಡಿರಲಿಕ್ಕೇ ಇಲ್ಲ.

ಇಲ್ಲಿ ಹೊಸಬರು ಎಡವುವ ಒಂದು ಜಾಗವನ್ನು ಹೇಳಿಬಿಡುತ್ತೇನೆ. ಕೂದಲು ಬೆಳ್ಳಗಿದೆ ಎಂದು ಮುದುಕಿ ಎನ್ನಬೇಡಿ, ಅದು ಪುಡಿ. ಕೆನ್ನೆಗೆ ಢಾಳಾಗಿ ಬಳಿದ ಕೆಂಪು ಕಪ್ಪು ಶಾಯಿಯಲ್ಲಿ ಕಾಣುವುದಿಲ್ಲ. ಅಚ್ಚು ಕನ್ನಡಿಯ ಹಾಗೆ ಎಡಬಲ ತಿರುಗಿಸುತ್ತದೆ ಎಂಬುದೂ ನೆನಪಿರಲಿ. ಆಕೆ ಎಡಗೈಯಲ್ಲಿ ಲೇಖನಿ ಹಿಡಿದಿದ್ದರೆ ಎಡಚಿ ಎಂದಲ್ಲ, ಕೆತ್ತಿದವನು ಮೂಲವನ್ನು ತಿರುಗಿಸಿ ಬರೆದುಕೊಂಡಿರಲಿಲ್ಲ ಎಂದಷ್ಟೇ. ಪುಸ್ತಕ, ನಾಯಿ, ಗುಲಾಬಿಗಳಿಗೆ ಸಂಕೇತಗಳ ಪಟ್ಟಿ ಹಿಡಿದು ಅರ್ಥ ಹಚ್ಚುವುದು ನನಗೆ ಸೇರದು. ಆ ಪುಸ್ತಕದ ಬೆನ್ನಿನ ಮೇಲೆ ಹೆಸರಿದೆಯೇ, ಸಂಗೀತದ ಹಾಳೆಯಲ್ಲಿ ಸ್ವರ ಓದಲು ಬರುತ್ತದೆಯೇ ಎಂದು ಮೊದಲು ನೋಡಿ.

ಈಗ ಮುಖ

ಹಣೆ ಬರೀ ಕಾಗದ, ಅಲ್ಲಿ ಸೂಜಿ ತಾಗಿಯೇ ಇಲ್ಲ. ಕೆನ್ನೆಯ ತಿರುವಿನಲ್ಲಿ ಗೆರೆ ಮುರಿದು ಚುಕ್ಕಿಯಾಗುತ್ತದೆ. ಚರ್ಮದ ನುಣುಪಿಗೆ ಚುಕ್ಕಿ, ಬಟ್ಟೆಗೆ ಗೆರೆ ಎಂಬುದು ಆ ಕಾಲದ ರೂಢಿ. ಚುಕ್ಕಿಗಳ ಕಪ್ಪು ಒಂದೇ ಸಮನಾಗಿಲ್ಲ. ತಿಳಿಯಾದವನ್ನು ಬೇಗ ಲೇಪದಿಂದ ಮುಚ್ಚಿ, ಉಳಿದವನ್ನು ಮತ್ತೆ ಆಮ್ಲಕ್ಕೆ ಬಿಟ್ಟಿದ್ದಾನೆ. ಎಣಿಸಿದರೆ ಕನಿಷ್ಠ ಮೂರು ಸಲ ತೊಟ್ಟಿಗೆ ಇಳಿದ ತಗಡು. ಬ್ಯೂರಿನ್ ಬಂದಿರುವುದು ಕೂದಲಿನ ನೆರಳಿಗೆ, ಚೌಕಟ್ಟಿನ ಒಳ ಅಂಚಿಗೆ. ಮುಖಕ್ಕೆ ಅದನ್ನು ತಂದಿಲ್ಲ. ಬಾಯಿ ಮುಚ್ಚಿದೆ, ಆಗ ಹಲ್ಲು ತೋರಿಸಿ ಚಿತ್ರಕ್ಕೆ ಕೂರುವುದು ಮರ್ಯಾದೆಯಲ್ಲ. ಚಿತ್ರಕಾರ್ತಿ ವಿಜೆ ಲ ಬ್ರಂ ತನ್ನ ಚಿತ್ರದಲ್ಲೇ ಹಲ್ಲು ಕಾಣುವಂತೆ ನಕ್ಕದ್ದಕ್ಕೆ 1787ರಲ್ಲಿ ದೊಡ್ಡ ಆಕ್ಷೇಪ ಎದ್ದಿತ್ತು. ಆದ್ದರಿಂದ ಮುಚ್ಚಿದ ತುಟಿ ನೋಡಿ ‘ದುಃಖಿ’ ಎಂದೋ ‘ಗಂಭೀರೆ’ ಎಂದೋ ಬರೆಯಲು ನನಗೆ ಧೈರ್ಯವಿಲ್ಲ.

ಗಲ್ಲದ ಕೆಳಗೆ ಮಾತ್ರ ನನ್ನ ಭೂತಗನ್ನಡಿ ಪ್ರತಿ ಸಲ ನಿಲ್ಲುತ್ತದೆ. ಈಗಿರುವ ಗೆರೆಗಿಂತ ಅರ್ಧ ಮಿಲಿಮೀಟರು ಕೆಳಗೆ ಇನ್ನೊಂದು ಗೆರೆಯ ನೆರಳಿದೆ, ಬೂದು ಬಣ್ಣದ್ದು, ಅಲ್ಲಲ್ಲಿ ಮಾತ್ರ. ಮೊದಲು ಬರೆದ ಗಲ್ಲ ಅದು. ಸ್ವಲ್ಪ ತುಂಬಿದ, ದುಂಡನೆಯ ಗಲ್ಲ. ತಾಮ್ರದ ಮೇಲೆ ಅಳಿಸುವುದೆಂದರೆ ರಬ್ಬರು ಉಜ್ಜಿದಂತಲ್ಲ. ಗೀರುವ ಉಳಿಯಿಂದ ಲೋಹವನ್ನು ಹೆರೆದು, ಎಣ್ಣೆ ಹಾಕಿ ನುಣುಪು ಮಾಡಿ, ತಗ್ಗಿದ ಜಾಗವನ್ನು ಹಿಂದಿನಿಂದ ಸುತ್ತಿಗೆಯಲ್ಲಿ ತಟ್ಟಿ ಎತ್ತಬೇಕು, ಆಮೇಲೆ ಮತ್ತೆ ಲೇಪ, ಮತ್ತೆ ಆಮ್ಲ. ನಾನು ಇದನ್ನು ಮಾಡಿದ್ದೇನೆ, ಅರ್ಧ ದಿನ ಹಿಡಿಯುತ್ತದೆ, ತೋಳು ನೋಯುತ್ತದೆ. ಅರ್ಧ ಮಿಲಿಮೀಟರು ಗಲ್ಲಕ್ಕಾಗಿ ಯಾರೋ ಅಷ್ಟು ದುಡಿದಿದ್ದಾರೆ. ಮೊದಲ ಅಚ್ಚು ನೋಡಿ ಅವಳೇ ಕೇಳಿದಳೋ, ಮನೆಯವರು ಹೇಳಿದರೋ, ಮೂಲ ಚಿತ್ರಕ್ಕೆ ಹೋಲಲಿಲ್ಲವೆಂದು ಅವನೇ ತಿದ್ದಿದನೋ. ಮೂರರಲ್ಲಿ ಯಾವುದು ಆಗಿದ್ದರೂ, ಆ ಬೂದು ಗೆರೆಯ ಜಾಗದಲ್ಲಿ ತಗಡಿನ ಎದುರು ಇಬ್ಬರು ಮನುಷ್ಯರು ಕೂತಿದ್ದಾರೆ.

ಹಿಂಬದಿಯ ಪೆನ್ಸಿಲ್ ಬರಹವನ್ನು ನಾನು ಅಳಿಸಿಲ್ಲ, ನೀವೂ ಅಳಿಸಬೇಡಿ. ತಪ್ಪಾದರೂ ಅದು ಈ ಕಾಗದ ನಡೆದು ಬಂದ ದಾರಿ. ಬೇರೆ ಹಾಳೆಯಲ್ಲಿ, ಆಮ್ಲವಿಲ್ಲದ ಕಾಗದದ ಫೋಲ್ಡರಿನೊಳಗೆ, ಹೀಗೆ ಬರೆದಿಟ್ಟಿದ್ದೇನೆ: ‘ಹೆಸರು ತಿಳಿಯದ ಮಹಿಳೆ. ಪ್ಯಾರಿಸ್, ಸುಮಾರು 1775-80. ಎಚ್ಚಿಂಗ್, ಸ್ವಲ್ಪ ಬ್ಯೂರಿನ್. ಕೆಳ ಅಂಚು ಕತ್ತರಿಸಿದೆ. 1742 ನೀರುಗುರುತು, ಕಾಲನಿರ್ಣಯಕ್ಕೆ ಬಾರದು. ಗಲ್ಲ ತಿದ್ದಲಾಗಿದೆ.’ ಕತ್ತರಿಸದ ಪ್ರತಿ ಎಲ್ಲಾದರೂ ಇದ್ದೀತೆಂದು ಮ್ಯೂಸಿಯಂಗಳ ಜಾಲತಾಣಗಳಲ್ಲಿ ಈಗಲೂ ಹುಡುಕುತ್ತೇನೆ. ಸಿಕ್ಕಿದರೆ ಗುರುತಿಸುವುದು ಮುಖದಿಂದಲ್ಲ, ಆ ಗಲ್ಲದ ಕೆಳಗಿನ ಗೆರೆಯಿಂದ.